ಸದ್ದಿಲ್ಲದ ರೆಕ್ಕೆ

ಕವಾಯ್ ದ್ವೀಪದ ಇಗರ್ಜಿಯ ಹುಲ್ಲುಹಾಸಿಗೆ
ನೀರು ಹಾಯಿಸುವವಳು ಸಾತುರ್ನಿನಾ.
ಅನಾನಸ್ ಡಬ್ಬಿ ತುಂಬುವ ಕೂಲಿಗೆ
ಇಲೋಕೋಸಿನಿಂದ ಬಂದ ಹೊಸತರಲ್ಲಿ
ಈ ಜೀರುಂಡೆಗಳ ಕಾಟಕ್ಕೆ
ಕಿಟಕಿಯಿಂದ ಚಪ್ಪಲಿ ಎಸೆದದ್ದುಂಟು.

ಈಗ ಹುಲ್ಲು ಬಾಯಿ ಮುಚ್ಚಿದೆ.

ಹಣೆಗೆ ದೀಪ ಕಟ್ಟಿಕೊಂಡ ಹುಡುಗಿ ಬೊಗಸೆ ತೆರೆದಳು:
ಗಂಡು. ರೆಕ್ಕೆ ನುಣ್ಣಗೆ, ಸವೆದ ಅರದ ಹಾಗೆ.
"ಹಾಡಿದವನ ದನಿ ಹೆಣ್ಣಿಗಿಂತ ಮೊದಲು
ನೊಣಕ್ಕೆ ಕೇಳಿಸುತ್ತಿತ್ತು.
ಮೈಮೇಲೆ ಮರಿ ಉದುರಿಸಿ ಹಾರುತ್ತಿತ್ತು;
ಅವು ಒಳಗಿಂದಲೇ ತಿಂದು ಹೊರಬೀಳುತ್ತಿದ್ದವು.
ಮೂಕನಾಗಿ ಹುಟ್ಟಿದವನು ಉಳಿದ.
ಇಪ್ಪತ್ತು ತಲೆಮಾರು, ಅಷ್ಟೇ."

"ಮತ್ತೆ ಹೆಣ್ಣು?"

"ಇನ್ನೂ ಹಾಡುವ ಒಬ್ಬಿಬ್ಬರ ಸುತ್ತ
ಇವರೆಲ್ಲ ಹೊಂಚು ಹಾಕುತ್ತಾರೆ.
ದನಿ ಹುಡುಕಿ ಬಂದವಳು
ದಾರಿಯಲ್ಲಿ ಸಿಕ್ಕವನಿಗೇ ಒಲಿಯುತ್ತಾಳೆ."

ಸಾತುರ್ನಿನಾ ಕೆಮ್ಮು ಬರುವಷ್ಟು ನಕ್ಕಳು.
ಕೂಲಿಲೈನಿನ ಕುಣಿತದ ರಾತ್ರಿ
ಗಿಟಾರು ನುಡಿಸಿದವನು ಒಬ್ಬ;
ಅವನ ಪಕ್ಕ ಸುಮ್ಮನೆ ನಿಂತು
ಬೆವರು ಒರೆಸಿಕೊಳ್ಳುತ್ತಿದ್ದವನ ಜೊತೆ
ನಲವತ್ತೊಂದು ವರ್ಷ.

ಹುಡುಗಿ ಅವನನ್ನು ಹುಲ್ಲಿಗೆ ಬಿಟ್ಟು ದೀಪ ತಗ್ಗಿಸಿದಳು.
ಕಾದರು.
ಅವನು ರೆಕ್ಕೆ ಎತ್ತಿದ. ಉಜ್ಜತೊಡಗಿದ,
ಏನೂ ಕೇಳಿಸದು,
ಒಂದು ಲಯವೂ ತಪ್ಪದೆ.