ಮೈನಸ್ ಹನ್ನೆರಡು, ಮತ್ತಿಕೆರೆ ಹತ್ತಿರ

ಮೇ ತಿಂಗಳ ಎರಡನೇ ವಾರ. ಟಾರು ಚಪ್ಪಲಿಗೆ ಅಂಟುತ್ತದೆ.
ನನ್ನ ಚೀಲದಲ್ಲಿ ಎರಡು ಸ್ವೆಟರು, ಒಂದು ಮಂಕಿ ಕ್ಯಾಪು.
ಬಸ್ಸಿನಲ್ಲಿ ಉಣ್ಣೆ ಇಣುಕಿದರೆ
ಪಕ್ಕದವರು ಕೇಳುತ್ತಾರೆ: ಊಟಿಗಾ?
ಇಲ್ಲ ಸ್ವಾಮಿ, ಮತ್ತಿಕೆರೆ ಹತ್ತಿರ. ಲ್ಯಾಬು.

ಮೂರಾಳೆತ್ತರದ ತಣ್ಣನೆ ಕೋಣೆ.
ನಡುವೆ ಪಿಂಗಾಣಿ ಬಿಲ್ಲೆಗಳ ಸರ,
ಬೋರಲು ಹಾಕಿದ ಸಾಸರುಗಳ ಹಾಗೆ, ಕಂದು ಮೆರುಗಿನವು.
ಒಂದೊಂದರ ಹೊಟ್ಟೆಯಡಿಗೂ ನೆರಿಗೆ.
ನೆರಿಗೆ ಯಾಕೆ ಅಂತ ಸೇರಿದ ಹೊಸದರಲ್ಲಿ ಕೇಳಿದ್ದೆ.
ಜಬೀನ್ ಮೇಡಂ ಅಂದಿದ್ದರು:
ಕಳ್ಳನ ದಾರಿ ಉದ್ದ ಮಾಡೋಕೆ, ಯಲ್ಲೋಜಿ.
ತಂತಿಯಿಂದ ಕಂಬಕ್ಕೆ ಜಾರೋ ಕರೆಂಟು
ಹತ್ತಿ ಇಳಿದು, ಹತ್ತಿ ಇಳಿದು ಸುಸ್ತಾಗಲಿ ಅಂತ.

ನಲ್ಲಿ ನೀರು ಆಗುವುದಿಲ್ಲ.
ನಮ್ಮ ಬೋರ್‌ವೆಲ್ಲಿನದು ಕುಕ್ಕರಿನ ತಳಕ್ಕೆ ಸುಣ್ಣ ಬಳಿಯುವ ನೀರು.
ಶುದ್ಧ ಮಾಡಿದ ನೀರಿಗೆ ನಾನೇ ಉಪ್ಪು ತೂಗುತ್ತೇನೆ,
ಚಿಟಿಕೆಯಲ್ಲ, ಮಿಲಿಗ್ರಾಂ.
ಮನೆಯಲ್ಲಿ ಸಾರಿಗೆ ಉಪ್ಪು ಮರೆಯುವವನು.

ಈ ಸರ ಹೋಗಬೇಕಾದದ್ದು ದ್ರಾಸ್ ಕಡೆಯ ಲೈನಿಗೆ.
ಅಲ್ಲಿಂದ ಸಾಕ್ಷಿಗೆ ಬಂದಿದ್ದ ಲೈನ್‌ಮನ್ ಸ್ಟಾಂಜಿನ್
ಎರಡು ದಿನದಿಂದ ಟವೆಲು ಹಿಂಡುತ್ತ ಕೂತವನು,
ಕೋಣೆಯೊಳಗೆ ಕಾಲಿಟ್ಟ ಮೇಲೇ ಅವನ ಭುಜ ಇಳಿದದ್ದು.
ನಿನ್ನೆಯ ಪರೀಕ್ಷೆಯ ಚೂರೊಂದು ಮೂಲೆಯಲ್ಲಿತ್ತು.
ಎತ್ತಿ ಮೂಸಿದ. ಹಲ್ಲಿನಲ್ಲಿ ಕಚ್ಚಿದ.
ಗಡ್ಡೆ ಸರಿಯಿದೆ, ಗಾಳಿ ಎಲ್ಲಿ? ಅಂದ ಹಿಂದಿಯಲ್ಲಿ.
ಫ್ಯಾನು ತೋರಿಸಿದೆ. ತುಂಬ ಹೊತ್ತು ನಕ್ಕ.
ನೀನು ಹಿಮ ನೋಡಿದ್ದೀಯಾ?
ಹದಿನಾರು ವರ್ಷ ಮಾಡಿದ್ದೇನೆ. ನೋಡಿಲ್ಲ.
ಮುಗಿಲಿಂದ ಬಿದ್ದದ್ದು ಅಂದರೆ ಆಲಿಕಲ್ಲು,
ಗುಟ್ಟಹಳ್ಳಿಯ ಶೀಟು ಮನೆ, ಅವ್ವ ಚೊಂಬು ಕೊಟ್ಟು ಓಡು ಅಂದದ್ದು,
ತಂದು ತೋರಿಸುವಷ್ಟರಲ್ಲಿ ಅರ್ಧ ಚೊಂಬು ನೀರು.

ಬಾಗಿಲು ಹಾಕಿದೆವು. ವೋಲ್ಟೇಜು ಏರಿತು.
ಸೂಜಿಮೊನೆಯ ತುಂತುರು, ಮುಟ್ಟಿದಲ್ಲೆಲ್ಲ ಗಾಜು.
ಮೊದಲ ಗಂಟೆ ಬರೀ ಹೊಳಪು.
ಆಮೇಲೆ ಅಂಚಿನ ಹನಿಯೊಂದು ಬೀಳುವುದನ್ನೇ ಮರೆಯುತ್ತದೆ.
ಅಲ್ಲಿಂದ ಬಿಳಲು.
ಆಲದ ಮರದ್ದೇ ಥರ, ನೆಲ ಹುಡುಕುತ್ತ,
ಈ ಬಿಲ್ಲೆಯಿಂದ ಕೆಳಗಿನ ಬಿಲ್ಲೆಗೆ.
ಮಧ್ಯಾಹ್ನಕ್ಕೆ ನೆರಿಗೆಯೆಲ್ಲ ಸೇರಿಸಿ ಹೊಲಿದ ಹಾಗೆ.
ಕಳ್ಳನಿಗೆ ಏಣಿ ಸಿಕ್ಕಿತು.

ಆದರೂ ಏನೂ ಆಗುವುದಿಲ್ಲ.
ಗಟ್ಟಿ ಚಳಿಯಲ್ಲಿ ಮಂಜುಗಡ್ಡೆ ಬಾಯಿ ಬಿಡುವುದಿಲ್ಲ.
ಕೇಡು ಇರುವುದು ಬಿಸಿಲಿನಲ್ಲಿ.
ಹೆಪ್ಪುಗಟ್ಟುವ ನೀರು ಉಪ್ಪನ್ನು ಹೊರಗೆ ತಳ್ಳುತ್ತದೆ,
ಒಲ್ಲದ ನೆಂಟನನ್ನು ಜಗುಲಿಯಲ್ಲೇ ಕೂರಿಸಿದಂತೆ.
ಕರಗತೊಡಗಿದ ಮೊದಲ ಪದರಕ್ಕೆ
ಮೊದಲು ಸಿಗುವವನು ಅವನೇ.

ನಾಲ್ಕು ಗಂಟೆಗೆ ಕೋಣೆಗೆ ಬಿಸಿ ಬಿಟ್ಟರು.
ಮೈನಸ್ ಐದು. ಮೈನಸ್ ಎರಡು.
ಗಡ್ಡೆಯ ಮೈ ಬೆವರಿತು.
ಬಿಳಲು ಮುಟ್ಟದೆ ಉಳಿದ ಬೆರಳಗಲದ ಜಾಗದಲ್ಲಿ
ನೇರಳೆ ಕಿಡಿ, ಚುಯ್ ಚುಯ್, ದೋಸೆ ಕಾವಲಿಗೆ ನೀರು ಚಿಮುಕಿಸಿದ ಸದ್ದು.
ಎಲ್ಲರ ಕಣ್ಣೂ ಮೀಟರಿನ ಮೇಲೆ.
ಸ್ಟಾಂಜಿನ್ ಕಣ್ಣು ಮುಚ್ಚಿ ಗಾಜಿಗೆ ಕಿವಿ ಕೊಟ್ಟಿದ್ದ.
ಈಗ, ಅಂದ.

ನಾನು ತಿರುಗಿ ಅವನ ಮುಖ ನೋಡುವಷ್ಟರಲ್ಲಿ
ಬಿಳಿ. ಮೇಲಿಂದ ಕೆಳತನಕ ಒಂದೇ ಸೀಳು.
ಆಮೇಲೆ ಟ್ರಿಪ್ಪಾದ ಕತ್ತಲು, ಸುಟ್ಟ ವಾಸನೆ,
ಗಡ್ಡೆಗಳು ಒಂದೊಂದಾಗಿ ನೆಲಕ್ಕೆ ಬೀಳುವ ಸದ್ದು.

ರಿಜಿಸ್ಟರಿನಲ್ಲಿ ತಾಪಕ್ಕೆ ಕಾಲಂ ಇದೆ, ವೋಲ್ಟೇಜಿಗಿದೆ,
ಬಿಳಲಿನ ಉದ್ದಕ್ಕೂ ಇದೆ.
ಮೀಟರಿಗಿಂತ ಮೂರು ಸೆಕೆಂಡು ಮೊದಲು ಬಂದ ಆ ಮಾತನ್ನು
ಎಲ್ಲಿ ಬರೆಯಲಿ? ಮೇಡಂ ಪೆನ್ನಿನ ತುದಿ ಕಚ್ಚಿದರು,
ಷರಾ ಅಂತಿದೆಯಲ್ಲ, ಅಲ್ಲಿ ಹಾಕು, ಅಂದರು. ಹಾಕಿದೆ.

ಕೋಣೆ ಒರೆಸುವುದೂ ನನ್ನದೇ ಕೆಲಸ.
ಎರಡು ಬಕೆಟ್ ದ್ರಾಸ್.
ಗೇಟಿನ ಹೊಂಗೆ ಮರಕ್ಕೆ ಸುರಿದೆ, ಅಷ್ಟು ಉಪ್ಪಿಗೆ ಅದಕ್ಕೇನಾಗದು.
ಸ್ಟಾಂಜಿನ್ ನೆರಳಿನಲ್ಲಿ ನಿಂತು ಮತ್ತೆ ಟವೆಲು ಹಿಂಡುತ್ತಿದ್ದ.
ಬಸ್ಸು ಬಂತು.