ಎಂತ ಪಾತ್ರೆ?

ಗೋಣಿಕೊಪ್ಪದಲ್ಲಿ, ಪೊನ್ನಂಪೇಟೆ ದಾರಿಗೆ, ಮೊಯ್ದು ಕಾಕನ ಗಿರಣಿ.
ತಿರುಪಿನ ಮೇಲಿನ ಅಂಕಿಗಳು
ಅವನ ಹೆಬ್ಬೆರಳಿಗೇ ಸವೆದಿವೆ.
ನುಣ್ಣಗೋ ತರಿಯೋ ಕೇಳುವುದಿಲ್ಲ.
ಕೇಳುವುದೊಂದೇ: ‘ಎಂತ ಪಾತ್ರೆ?’

ದೇಚಮ್ಮನದು ಹಿತ್ತಾಳೆ ಫಿಲ್ಟರು,
ಅತ್ತೆಯ ಕಾಲದ್ದು, ತೂತು ಹಿಗ್ಗಿವೆ.
ಚಿರೋಟಿ ರವೆಗಿಂತ ಒಂದು ಕೂದಲು ದಪ್ಪ.

ಹೋಂಸ್ಟೇ ಹುಡುಗನದು ಗಾಜಿನ ಜಾಡಿ,
ಫೋನಿನಲ್ಲಿ ಅದರ ಚಿತ್ರ.
ಕಾಕ ದಿಟ್ಟಿಸಿ ನೋಡಿದ:
‘ಇದಕ್ಕೆ ಅವಸರ ಇಲ್ಲ. ತರಿ ಹಾಕುವ.’

ಆಮೇಲೆ ಪಾಲಿ.
ಮೂವತ್ತು ಕೊಯ್ಲು ಕಂಡ ಬೆರಳು,
ಸೆರಗಿನ ಗಂಟಲ್ಲಿ ಕಾಲು ಕಿಲೋ:
ಕಣದ ಮೂಲೆಯಲ್ಲಿ ಗುಡಿಸಿದ್ದು,
ಓಡಿನಲ್ಲಿ ತಾನೇ ಹುರಿದದ್ದು,
ಒಡಕು, ಕರಿಕು, ಎರಡು ಕಲ್ಲು.

‘ಎಂತ ಪಾತ್ರೆ?’
‘ಅನ್ನದ್ದೇ. ಅನ್ನ ಇಳಿಸಿ
ನೀರು, ಬೆಲ್ಲ, ಇದು.’

ಕಲ್ಲು ಹೆಕ್ಕಿ ತೆಗೆದ ಕಾಕ. ಗಿರಣಿ ಗುರ್ರೆಂದಿತು.
ಮೊದಲ ಚಿಟಿಕೆಯನ್ನು ಬೆರಳಲ್ಲಿ ತಿಕ್ಕಿ
ಪಾಲಿ ತಲೆಯಾಡಿಸಿದಳು:
‘ಇನ್ನೂ ದಪ್ಪ. ಅಡಿಗೆ ಕೂರಬೇಕು,
ಹಲ್ಲಿಗೆ ಬರಬಾರದು.’

ತಿರುಗಿಸಿದ. ಹೊಳೆಮರಳಿನಷ್ಟಾಯಿತು.
‘ಹಾಂ’ ಎಂದಳು.
ಅಲ್ಲೇ, ಅಂಕಿ ಇಲ್ಲದ ಕಡೆ,
ಮೊಳೆಯಿಂದ ಒಂದು ಗೆರೆ ಗೀರಿದ.

ಈಗ ಯಾರು ಬೆಲ್ಲದ ಕಾಪಿ ಎಂದರೂ
ಕೆಲಸದ ಹುಡುಗನಿಗೆ ಕೂಗುತ್ತಾನೆ:
‘ಪಾಲಿಗೆ ಇಡು!’
ಕೇಳಿದವರು ಪಾಲು ಎಂದುಕೊಳ್ಳುತ್ತಾರೆ.