ನಿಮ್ಮ ಏಳನೇ ಕೊಂಡಿ

"ಮಾನ್ಯರೇ,
ನಿಮ್ಮ ಪುಟದ ಏಳನೇ ಕೊಂಡಿ ಮುರಿದಿದೆ.
ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ."
ಇಷ್ಟು ಬರದು ನಿಲ್ಲಬೇಕು, ಒಂದು ಸಾಲು ಖಾಲಿ ಬಿಡಬೇಕು,
ಆಮ್ಯಾಲ, ಈಗ ನೆನಪಾದಂಗ:
"ಆ ಜಾಗದಲ್ಲಿ ನಮ್ಮದನ್ನು ಹಾಕಿಕೊಳ್ಳಬಹುದು."

ದಿನಕ್ಕ ಅರವತ್ತು.
ಕೇಶ್ವಾಪುರದಾಗ ಬ್ಯಾಟರಿ ಅಂಗಡಿ ಮ್ಯಾಲಿನ ಖೋಲಿ,
ಕೆಳಗಿಂದ ಆ್ಯಸಿಡ್ ವಾಸನಿ, ಎದುರಿಗೆ ಹೊಂಬಳ ಸರ್.
"ಅರವತ್ತಕ್ಕ ಒಂದು ಬ್ಯಾಕ್‌ಲಿಂಕ್ ಬಿದ್ದರ ಸಾಕವಾ ಮುಬೀನಾ,
ಗೂಗಲ್ ನಮ್ಮನ್ನೂ ನಾಕು ಮಂದ್ಯಾಗ ಎಣಸ್ತೈತಿ."
ನಾವಂದ್ರ ಗೋಕುಲ ರೋಡಿನ ಬೋರ್‌ವೆಲ್ ಪಂಪಿನವರು.

ಮುರದದ್ದನ್ನ ಹುಡುಕೂದು ಕಷ್ಟ ಏನಲ್ಲ.
ಮುಚ್ಚಿದ ಸಾಲಿ, ಜಗಳಾಡಿ ಎದ್ದುಹೋದ ಸಂಘ,
ವರ್ಷದ ಬಾಡಿಗಿ ಕಟ್ಟದ ಉಳದ ಹೆಸರು.
ಎಲ್ಲಾ ಕದಕ್ಕೂ ಒಂದ ಚೀಟಿ: ೪೦೪.

ಈ ಕೆಲಸ ಅಪ್ಪಾಗ ತಿಳಸಾಕ ಹೊತ್ತು ಹಿಡೀಲಿಲ್ಲ.
ಹೆಗಲಿಗೆ ಬಿಲ್ಲು, ಕೈಯಾಗ ಕೊಡತಿ,
ಧಾರವಾಡದ ಹೊಸಯಲ್ಲಾಪುರದ ಓಣಿಯೊಳಗ ಟಂಯ್ ಟಂಯ್ ಅನಿಸ್ಕೋಂತ
ಮಾಳಿಗಿ ಮ್ಯಾಲ ಬಿಸಲಿಗೆ ಹಾಕಿದ ಗಾದಿ ಕೆಳಗಿಂದನ ನೋಡಿ
"ಅಕ್ಕಾರ, ಮೂಲ್ಯಾಗ ಹರದೈತ್ರಿ" ಅಂತಿದ್ದ ಅವ.
ಒಂದು ಉಸುರು ಬಿಟ್ಟು,
"ಅರಳಿ ನನ್ನ ಹತ್ರನ ಐತಿ."

ಕೇಳಿ ನಕ್ಕ. "ಹಂಗಾರ ನೀನೂ ನದಾಫಳ ಆದಿ.
ಹರೀಲಾರದ್ದಕ್ಕ ಹರದೈತಿ ಅನಬ್ಯಾಡ, ಅಷ್ಟ.
ಮತ್ತ ಹಳೇ ಅರಳಿ ಪೂರಾ ಒಗೀಬ್ಯಾಡ,
ಮಂದಿ ಅದರ ಮ್ಯಾಲ ಮಲಗಿರ್ತಾರ."

ಗದಗ ಬೆಟಗೇರಿಯ ಈರಸಂಗಪ್ಪ ಕೊಟಗಿ,
ಸರ್ವೇ ಖಾತೆಯಿಂದ ರಿಟೈರು.
ಅವರದೊಂದು ಪಟ್ಟಿ, ಸೀಮಿಯ ನೂರಾ ಹನ್ನೆರಡು ಬಾವಿ:
ಊರು, ಮೆಟ್ಟಲ ಎಷ್ಟು, ನೀರು ಸಿಹಿಯೋ ಸವಳೋ.
ಏಳನೇದು ಕಂಬಳಿಬಾವಿ. ಒತ್ತಿದೆ. ಏನೂ ಇಲ್ಲ.
ಖುಷಿ ಆತು, ಸುಳ್ಳು ಯಾಕ ಹೇಳ್ಲಿ.

ನಾಕನೇ ದಿನಕ್ಕ ಉತ್ತರ ಬಂತು.
"ತಂಗೀ, ಮುರದದ್ದು ಗೊತ್ತೈತಿ.
ಬಾವೀನೂ ಮುಚ್ಯಾರ, ಅದರ ಮ್ಯಾಲ ಈಗ ಟ್ರ್ಯಾಕ್ಟರ್ ಶೋರೂಮ್.
ಮೊದಲಿಗಿಂತ ಈಗ ಆ ಕೊಂಡಿ ಖರೇ ಹೇಳಾಕತ್ತೈತಿ,
ಹಂಗ ಇರಲಿ.
ಬಾವಿ ಪಟ್ಟಿಯೊಳಗ ಬೋರಿನ ಪಂಪ್ ಹಾಕ್ರಿ ಅಂತ ಬರೀವಾಗ
ನಿಮಗ ನಗು ಬರಲಿಲ್ಲೇನು?"
ಸಹಿ ಕೆಳಗ, ಸಣ್ಣದಾಗಿ:
"ಮೂವತ್ತೊಂದನೇದು ಖರೇನ ಕೆಟ್ಟೈತಿ. ಅದನ್ನ ನೀವು ನೋಡೇ ಇಲ್ಲ."

ನೋಡಿರಲಿಲ್ಲ. ಮೊದಲನೇ ಹರಕು ಸಿಕ್ಕ ಕೂಡ್ಲೆ
ನಾನು ಅರಳಿ ಬಿಚ್ಚಿ ಕುಂತಿದ್ದೆ.

ವಿಳಾಸದಾಗ ಒಂದು ಅಕ್ಷರ ಎರಡು ಸಲ ಬಿದ್ದಿತ್ತು,
ಮುದುಕರ ಬಟ್ಟು ಕೀಲಿ ಮ್ಯಾಲ ಒಂದು ಗಳಿಗಿ ಹೆಚ್ಚು ನಿಂತಿರಬೇಕು.
ತಗದು, ಒತ್ತಿ, ಪರೀಕ್ಷಾ ಮಾಡಿ, ಸರಿ ವಿಳಾಸ ಬರದೆ.
ಕೆಳಗ ಎರಡನೇ ಪ್ಯಾರಾ ತಾನ ಬಂದು ಕುಂತಿತ್ತು,
"ಆ ಜಾಗದಲ್ಲಿ ನಮ್ಮದನ್ನು",
ಅಳಿಸಿದೆ. ಮತ್ತ ಬಂತು. ಮತ್ತ ಅಳಿಸಿದೆ.
ಕಳಿಸಿದೆ.

ಸಂಜೀಕ ಹೊಂಬಳ ಸರ್ ವಹಿ ತಗದ್ರು.
"ಗದಗಿನವರ ಕಡೆಯಿಂದ ಏನ್ ಸಿಕ್ತು?"
ಹದಿನೆಂಟು ಮೆಟ್ಟಲ್ರೀ ಸರ್,
ನೀರು ಸಿಹಿ.

ಅವರು ಪೆನ್ನು ಹಿಡಕೊಂಡು ನನ್ನ ಮುಖ ನೋಡಿದ್ರು.
ನಾನು ಮುಂದಿನ ಮಾನ್ಯರಿಗೆ ಹೋದೆ.